ಅಕ್ಕನ ಮಗನ ಮೊದಲ ಮೆಟಲ್ ಶೋ: ಮಂಡ್ಯದಿಂದ ಕರ್ಕೊಂಡು ಹೋಗಿ ವಾಪಸ್ ತರೋದು ಹೇಗೆ?

ರೀವೈಂಡಿಂಗ್ ಮಂಡ್ಯ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಕೊನೆಯಲ್ಲಿದೆ, ಅವಸರ ಇದ್ದವರು ಅಲ್ಲಿಗೇ ಹೋಗಿ.

ನನಗೆ 37. ಮಂಡ್ಯದಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಬರುತ್ತವೆ. ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಕೊಡುತ್ತೇನೆ. ಸುತ್ತುವಾಗ ಎಣಿಕೆ ತಪ್ಪಬಾರದು, ಹಾಗಾಗಿ ಆಗ ಹಾಡು ಇಲ್ಲ. ವಾರ್ನಿಷ್ ಒಣಗುವ ಹೊತ್ತಿಗೆ ಹಾಕುತ್ತೇನೆ, ಜೋರಾಗಿ. ಹಾಡು ಅಂದರೆ ಹೆವಿ ಮೆಟಲ್, ಗಿಟಾರು ಡ್ರಮ್ಮು ಅಬ್ಬರಿಸೋ ರಾಕ್ ಸಂಗೀತ. ಒಂದು ಸಲ ಪಕ್ಕದ ಗೊಬ್ಬರದಂಗಡಿಯವರು ಇಣುಕಿ, "ಯಾವ್ದೋ ಮೋಟ್ರು ಬೇರಿಂಗ್ ಹೋಗದೆ ಕಣಪ್ಪ, ಆಫ್ ಮಾಡು" ಅಂದಿದ್ದರು.

ಇಪ್ಪತ್ತರ ವಯಸ್ಸಿನಲ್ಲಿ ಕೂದಲು ಬೆನ್ನುದ್ದ ಬಿಟ್ಟಿದ್ದೆ. ಊರಲ್ಲಿ ಒಬ್ಬರೂ ಬೈಯಲಿಲ್ಲ. ಮಾದಪ್ಪನಿಗೆ ಮುಡಿ ಹರಕೆ ಇರಬೇಕು ಅಂದುಕೊಂಡಿದ್ದರು. ಕೇಳಿದವರಿಗೆ ನಾನೂ ಹೌದು ಅಂದುಬಿಟ್ಟೆ. ಮೂರು ವರ್ಷ ಆಯಿತು. "ಹರಕೆ ಯಾವಾಗ ತೀರಿಸ್ತೀಯ" ಅಂತ ಅವ್ವ ಬೆನ್ನುಬಿದ್ದಳು. ಬೆಟ್ಟಕ್ಕೆ ಎಳೆದುಕೊಂಡು ಹೋಗಿ ಬೋಳಿಸಿದ ಮೇಲೇ ಬಿಟ್ಟಿದ್ದು. ಬಾಯಿಬಿಟ್ಟು ನಿಜ ಹೇಳೋ ಹಾಗೂ ಇರಲಿಲ್ಲ.

2007ರ ಮಾರ್ಚ್ 17ಕ್ಕೆ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾವು ನಾಲ್ಕು ಜನ ಹೋಗಿದ್ದೆವು. ಮೂವರು ಮೈಸೂರಿನವರು, ನಾನೊಬ್ಬ ಮಂಡ್ಯ. ಪರಿಚಯ ಆಗಿದ್ದು ಆರ್ಕುಟ್‌ನಲ್ಲಿ. ಮುಖ ನೋಡಿರಲೇ ಇಲ್ಲ. ಮಂಡ್ಯ ಸ್ಟೇಷನ್ನಿಗೆ ರೈಲು ಬಂದಾಗ ಒಂದು ಕಿಟಕಿಯಿಂದ ಕಪ್ಪು ತೋಳಿನ ಮೂರು ಕೈ ಹೊರಗಿದ್ದವು. ಆ ಬೋಗಿ ಹತ್ತಿದೆ. ಶೋ ಹೇಗಿತ್ತು ಅಂತ ಬರೆಯಲು ಹೋದರೆ ಇವತ್ತು ಮುಗಿಯಲ್ಲ. ವಾಪಸ್ ಬರುವಾಗ ನನ್ನ ಒಂದು ಚಪ್ಪಲಿ ಮೈದಾನದಲ್ಲೇ ಹೋಗಿತ್ತು. ರಾತ್ರಿಯೆಲ್ಲ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಸರಸ್ವತಿಪುರಂ ಹುಡುಗ ತನ್ನ ಶೂ ಬಿಚ್ಚಿ, ಒಳಗಿನ ಸಾಕ್ಸ್ ತೆಗೆದು ನನಗೆ ಕೊಟ್ಟ. ಬೆವರಿಗೆ ನೆನೆದು ತೊಪ್ಪೆಯಾಗಿತ್ತು. ಹಾಕಿಕೊಂಡೆ.

ಈಗ ಆ ಮೂವರಲ್ಲಿ ಇಬ್ಬರು ದೇಶದಲ್ಲಿಲ್ಲ. ಸಾಕ್ಸಿನವನು ಮೈಸೂರಲ್ಲೇ ಇದ್ದಾನೆ, ಫೋನು ವರ್ಷಕ್ಕೆರಡು. ನಾನು ಒಬ್ಬನೇ ಕೇಳಿಕೊಂಡು ಇದ್ದೆ.

2025ರ ಜುಲೈ 22, ರಾತ್ರಿ ಹನ್ನೆರಡು ಆಗುತ್ತಾ ಬಂದಿತ್ತು. ಅಕ್ಕನ ಮಗನ ಫೋನು. ಅಷ್ಟು ಹೊತ್ತಿಗೆ ಅಂದರೆ ಭಾವನಿಗೆ ಏನೋ ಆಯಿತು ಅಂತ ಎದ್ದು ಕೂತೆ. "ಮನಿಕಂಡ್ಬುಟ್ಟಾ ಮಾವ? ಆಜಿ ಹೋಗ್ಬುಟ್ಟ" ಅಂದ. ಆಜಿ ಆಸ್ಬರ್ನ್, ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಾಯಕ. ಹದಿನೇಳು ದಿನ ಹಿಂದೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಕೊನೇ ಶೋ ಹಾಡಿದ್ದ. ಇವನು ಯಾವಾಗಿಂದ ಇದನ್ನೆಲ್ಲ ಕೇಳುತ್ತಿದ್ದಾನೆ ಅಂತಲೇ ನನಗೆ ಗೊತ್ತಿರಲಿಲ್ಲ. ಹದಿನಾರು ವರ್ಷ, ಫಸ್ಟ್ ಪಿಯುಸಿ. ನನ್ನ ಅಂಗಡಿಗೆ ಬಂದು ಸುಮ್ನೆ ಕೂರುತ್ತಿದ್ದ. ಹೋಮ್‌ವರ್ಕ್ ತಪ್ಪಿಸಿಕೊಳ್ಳಲು ಬರುತ್ತಾನೆ ಅಂದುಕೊಂಡಿದ್ದೆ.

ಈಗ ಬೆಂಗಳೂರಿನಲ್ಲಿ ಒಂದು ಶೋ ಇದೆ. ನಮ್ಮ ಕಡೆಯ ನಾಲ್ಕೈದು ಬ್ಯಾಂಡು, ಬಯಲಲ್ಲಿ, ಶನಿವಾರ. ಹುಡುಗ ಕೇಳುತ್ತಿದ್ದಾನೆ. ಅಕ್ಕನಿಗೆ ಮೂರು ಭಯ: ಕುಡಿಯೋದು ಕಲೀತಾನೆ, ದೆವ್ವದ ಪೂಜೆ ಕಲೀತಾನೆ, ಕೈಕಾಲು ಮುರ್ಕೊಂಡು ಬರ್ತಾನೆ. ಮೊದಲ ಎರಡಕ್ಕೆ ನಾನು ಜವಾಬ್ದಾರಿ. ಮೂರನೆಯದಕ್ಕೆ ಬಾಯಿ ಬರಲ್ಲ, ನನ್ನ ಚಪ್ಪಲಿ ಕಥೆ ಅವಳಿಗೆ ಗೊತ್ತು. ಇಷ್ಟು ಚಿಕ್ಕವರನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ? ಏನೇನು ನೋಡಿಕೊಳ್ಳಬೇಕು? ಬೈಕಲ್ಲಿ ಹೋಗೋಣ ಅಂತಿದ್ದೇನೆ.

ಬೈಪಾಸ್ ಬೋರ

ಬೈಕ್ ಬೇಡ ಗುರು. ಎಕ್ಸ್‌ಪ್ರೆಸ್‌ವೇ ಮೇನ್ ರೋಡಿಗೆ 2023ರ ಆಗಸ್ಟಿಂದ ಬೈಕು, ಆಟೋ ಬಿಡಲ್ಲ. ಸರ್ವಿಸ್ ರೋಡಲ್ಲೇ ಬರಬೇಕು. ಮಧ್ಯರಾತ್ರಿ, ಹಿಂದೆ ತೂಕಡಿಸೋ ಹುಡುಗ. ಬೇಕಾ ಇದು?

ಬಸ್ಸಲ್ಲಿ ಬಂದರೆ ಹತ್ತೋ ಮುಂಚೆ ಕಂಡಕ್ಟರ್‌ನ ಒಂದೇ ಮಾತು ಕೇಳಿ: "ಮಂಡ್ಯ ಒಳಕ್ಕೆ ಹೋಗ್ತದಾ?" ಮೈಸೂರು ಬೋರ್ಡ್ ನೋಡಿ ಹತ್ತಿದರೆ ಸುಮಾರು ಬಸ್ಸು ಬೈಪಾಸಲ್ಲೇ ಹೊರಟುಬಿಡುತ್ತವೆ. ನಾನು ಒಂದು ಸಲ ಕೇಳದೆ ಹತ್ತಿ ನಿದ್ದೆ ಮಾಡಿದೆ. ಎದ್ದಾಗ ಶ್ರೀರಂಗಪಟ್ಟಣ. ತಪ್ಪು ನಂದೇ.

ತಿನ್ನೋಕೆ ಮನೆಯಿಂದಲೇ ಕಟ್ಟಿಸಿಕೊಳ್ಳಿ. ಅಷ್ಟು ಹೊತ್ತಿಗೆ ಮದ್ದೂರು ವಡೆ ನಂಬಿಕೊಂಡು ಕೂರಬೇಡಿ.

ಕುವೆಂಪುನಗರದ ಕಿವಿ

ನಾನು ಕಿವಿ ಪರೀಕ್ಷೆ ಮಾಡೋಳು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ್ದು. ಹನ್ನೆರಡು ವರ್ಷದಿಂದ ಡೆತ್ ಮೆಟಲ್ ಕೇಳುತ್ತೇನೆ. ಎರಡೂ ಒಟ್ಟಿಗೆ ಇರಬಹುದು, ನಗಬೇಡಿ.

ಅಣ್ಣ, ಕೈಕಾಲು ಮುರಿದರೆ ಕೂಡುತ್ತದೆ. ಒಳಗಿವಿಯ ಸೂಕ್ಷ್ಮ ಕೂದಲಿನ ಕೋಶ ಸತ್ತರೆ ಮತ್ತೆ ಹುಟ್ಟಲ್ಲ. ಲೆಕ್ಕ ಹೀಗಿದೆ: 85 ಡೆಸಿಬಲ್ ಆದರೆ ದಿನಕ್ಕೆ ಎಂಟು ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧ ಆಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಹೀಗೇ ಹೋಗಿ 100ಕ್ಕೆ ಬರುವಾಗ ಉಳಿಯೋದು ಹದಿನೈದು ನಿಮಿಷ. ಮೆಟಲ್ ಶೋನಲ್ಲಿ ಸ್ಪೀಕರ್ ಹತ್ತಿರ 100 ದಾಟೋದು ಏನೂ ದೊಡ್ಡದಲ್ಲ, ಶೋ ಐದಾರು ಗಂಟೆ ಇರುತ್ತದೆ.

ಹತ್ತಿ ಇಟ್ಟುಕೊಂಡರೆ ಸಾಲದು. ಮೆಡಿಕಲ್ ಸ್ಟೋರಲ್ಲಿ ಫೋಮ್ ಇಯರ್‌ಪ್ಲಗ್ ಸಿಗುತ್ತವೆ. ಬೆರಳಲ್ಲಿ ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಬಿಡಬೇಕು. ಅದು ಉಬ್ಬೋವರೆಗೆ ಬೆರಳಲ್ಲಿ ಒತ್ತಿ ಹಿಡಿದುಕೊಳ್ಳಬೇಕು. ಬಹಳ ಜನ ಬಾಯಿಗೆ ಬಿರಡೆ ಇಟ್ಟ ಹಾಗೆ ಮೇಲೆ ಮೇಲೆ ಇಟ್ಟು "ಏನೂ ಕೆಲಸ ಮಾಡಲ್ಲ" ಅನ್ನುತ್ತಾರೆ. ಮನೆಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಸಿ. ಶೋ ಮುಗಿದ ಮೇಲೆ ಕಿವಿ ಗುಂಯ್ ಅಂದರೆ ಅದು ಬಹುಮಾನ ಅಲ್ಲ, ಎಚ್ಚರಿಕೆ. ನೀವು ರೀವೈಂಡಿಂಗ್ ಅಂಗಡಿಯವರು, ಗ್ರೈಂಡರ್ ಶಬ್ದವೂ ಇರಬೇಕಲ್ವಾ? ನೀವೂ ಹಾಕಿಕೊಳ್ಳಿ.

ಪಿಟ್ (ವೇದಿಕೆ ಮುಂದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯೋ ಜಾಗ) ಬಗ್ಗೆ: ನಾನು ಐದು ಅಡಿ ಒಂದಿಂಚು. ಒಂದು ಸಲ ನಡುವೆ ಬಿದ್ದಿದ್ದೆ. ನೆಲ ತಾಗುವ ಮೊದಲೇ ಮೂರು ಜನ ಕಂಕುಳಿಗೆ ಕೈ ಹಾಕಿ ಎತ್ತಿದ್ದರು. ಒಬ್ಬ "ಅಕ್ಕ, ಕನ್ನಡಕ" ಅಂತ ಕೈಗೆ ಕೊಟ್ಟ. ಆಮೇಲೆ ಅವನೇ ಹೋಗಿ ಇನ್ಯಾರಿಗೋ ಡಿಕ್ಕಿ ಹೊಡೆದ. ಬಿದ್ದವರನ್ನು ಎತ್ತಬೇಕು, ಇದೊಂದು ನಿಯಮ ಹುಡುಗನಿಗೆ ಹೇಳಿಕೊಡಿ. ಶೂ ಕಟ್ಟಿಕೊಳ್ಳೋದು, ಲೇಸಿಗೆ ಎರಡು ಗಂಟು. ಚಪ್ಪಲಿ ಬೇಡವೇ ಬೇಡ, ನಿಮಗೆ ಹೇಳಬೇಕಾಗಿಲ್ಲ. ಮತ್ತೆ, ಟಿಕೆಟಿನ ಕೆಳಗಿನ ಚಿಕ್ಕ ಅಕ್ಷರದಲ್ಲಿ ವಯಸ್ಸಿನ ಮಿತಿ ಇದೆಯಾ ಓದಿ. ಬಾಗಿಲಿಂದ ವಾಪಸ್ ಕಳಿಸಿದರೆ ಹುಡುಗನ ಮುಖ ನೋಡೋಕಾಗಲ್ಲ.

ಹೊಸ ಟೀ ಶರ್ಟ್ ಕೊಂಡರೆ ಒಳಮೈ ಹೊರಗೆ ಮಾಡಿ ಒಗೆಯೋಕೆ ಹೇಳಿ. ಇಲ್ಲಾಂದ್ರೆ ಪ್ರಿಂಟು ಹೋಗುತ್ತೆ.

ಸುಮ್ನೆ ಒಬ್ಬ

ಮಂಡ್ಯದ ಹುಡುಗನಿಗೆ ಇದೆಲ್ಲ ಯಾಕೆ ಬೇಕು? ನಮ್ಮ ಸಂಗೀತ ಏನು ಕಮ್ಮಿ ಇದೆಯಾ? ಯಾರೋ ಬಿಳಿಯರು ಕಿರುಚೋದನ್ನ ಕೇಳೋಕೆ ನೂರು ಕಿಲೋಮೀಟರ್.

ಅಗ್ರಹಾರದ ಹಳೇ ಕ್ಯಾಸೆಟ್

ಮೇಲಿನವರಿಗೆ: ಮೈಸೂರಿನವರೇ ಆದ ಜಯಚಾಮರಾಜ ಒಡೆಯರ್ ಅವರು ಮೆಟ್ನರ್ ಎಂಬ ರಷ್ಯಾದ ಸಂಗೀತಗಾರನ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು. ಆ ವಯಸ್ಸಾದ ಮನುಷ್ಯ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ. ಅದೇ ಒಡೆಯರ್ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದರು. ಒಂದು ಕಿವಿಗೆ ಒಂದೇ ಸಂಗೀತ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇನ್ನು ಈ ಶೋನಲ್ಲಿ ಕಿರುಚೋರು ಬಿಳಿಯರಲ್ಲ, ನಮ್ಮವರೇ. ಬೆಂಗಳೂರಿನ ಕ್ರಿಪ್ಟೋಸ್ ಬ್ಯಾಂಡಿನವರು 1998ರಿಂದ ನುಡಿಸುತ್ತಿದ್ದಾರೆ. ಜರ್ಮನಿಯ ದೊಡ್ಡ ಮೆಟಲ್ ಉತ್ಸವ ವಾಕೆನ್‌ಗೂ ಹೋಗಿ ಬಂದವರು.

ರೀವೈಂಡಿಂಗ್ ಅವರೇ, ನಿಮ್ಮ ಅಕ್ಕನವರ ದೆವ್ವದ ಭಯಕ್ಕೆ ನನ್ನ ಹತ್ತಿರ ಮದ್ದಿದೆ. ಮೆಟಲ್ ಶೋಗಳಲ್ಲಿ ತೋರುಬೆರಳು, ಕಿರುಬೆರಳು ಎತ್ತಿ ಕೊಂಬಿನ ಹಾಗೆ ಮಾಡುವ ಆ ಸನ್ನೆ ಇದೆಯಲ್ಲ, ಅದನ್ನು ಎಲ್ಲ ಕಡೆ ಹಬ್ಬಿಸಿದ್ದು ರಾನಿ ಜೇಮ್ಸ್ ಡಿಯೊ. 1979ರಲ್ಲಿ ಬ್ಲ್ಯಾಕ್ ಸಬ್ಬತ್‌ಗೆ ಆಜಿಯ ಜಾಗಕ್ಕೆ ಬಂದವನು. ಅವನದು ಇಟಲಿ ಮೂಲದ ಮನೆ. ಕೆಟ್ಟ ಕಣ್ಣು ಬೀಳಬಾರದು ಅಂತ ಅವನ ಅಜ್ಜಿ ಬೀದಿಯಲ್ಲಿ ಹಾಗೆ ಕೈ ಮಾಡುತ್ತಿದ್ದಳಂತೆ. ಅಂದರೆ ದೃಷ್ಟಿ ತೆಗೆಯೋದು! ನನ್ನ ಹೆಂಡತಿ ಅಷ್ಟು ಕೇಳಿದ ಮೇಲೆ ನನ್ನ ಪೋಸ್ಟರ್ ತಂಟೆಗೆ ಬಂದಿಲ್ಲ.

ನಮ್ಮ ಕಾಲದಲ್ಲಿ ನಾಲ್ವರಿಗೆ ಒಂದು ಕ್ಯಾಸೆಟ್, ಒಬ್ಬರಿಗೆ ಒಂದು ವಾರ. ಭಾನುವಾರ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹಸ್ತಾಂತರ. ಕವರಿನ ಇಂಗ್ಲಿಷ್ ನನಗೆ ಓದಲು ಬಾರದು, ಕನ್ನಡ ಮೀಡಿಯಂ. ಇನ್ನೊಬ್ಬ ಓದಿ ಹೇಳುತ್ತಿದ್ದ, ನಾನು ಹಾಡನ್ನೆಲ್ಲ ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಅಪ್ಪ ಅದನ್ನು ನೋಡಿ ಯಾವುದೋ ಮಂತ್ರ ಅಂದುಕೊಂಡು ದೇವರ ಮನೆಯಲ್ಲಿ ಇಟ್ಟುಬಿಟ್ಟಿದ್ದರು. ಎರಡು ದಿನ ಹುಡುಕಿದ್ದೇನೆ.

ಆ ಸಾಕ್ಸ್ ಕೊಟ್ಟವರಿಗೆ ಮೊದಲು ಫೋನ್ ಮಾಡಿ ಮಾರಾಯರೆ. ಮೈಸೂರಿನಲ್ಲೇ ಇದ್ದಾರೆ ಅಂತೀರಿ.

ರೀವೈಂಡಿಂಗ್ ಮಂಡ್ಯ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕನಿಗೆ ದೃಷ್ಟಿ ಕಥೆ ಹೇಳಿದೆ. "ಹಂಗಾದ್ರೆ ಅವ್ರಲ್ಲೂ ಅಜ್ಜೀರು ಅವ್ರೆ" ಅಂದಳು, ಅಷ್ಟೇ. ಪೂರ್ತಿ ಒಪ್ಪಿದ ಹಾಗಲ್ಲ.

ಒಪ್ಪಿಸಿದ್ದು ಭಾವ. ಇದನ್ನು ನಾನು ಎಣಿಸಿರಲಿಲ್ಲ. ಭಾವ ಫಿಟ್ಟರ್, ಮಾತು ಕಡಿಮೆ. ನನ್ನ ಹಾಡಿನ ಬಗ್ಗೆ ಇಪ್ಪತ್ತು ವರ್ಷದಲ್ಲಿ ಒಂದು ಪ್ರಶ್ನೆ ಕೇಳಿದವರಲ್ಲ. ಮೊನ್ನೆ ಊಟಕ್ಕೆ ಕೂತಾಗ ಹುಡುಗ ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಐಯೋಮಿ ಕಥೆ ತೆಗೆದ. ಹದಿನೇಳನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಅವತ್ತೇ ಕೊನೇ ದಿನ, ಬಿಟ್ಟು ಬ್ಯಾಂಡಿಗೆ ಹೋಗುವವನಿದ್ದ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವನು ಎಡಚ, ತಂತಿ ಒತ್ತುವ ಕೈಯೇ ಅದು.

ಭಾವ ತುತ್ತು ಕೆಳಗಿಟ್ಟರು. "ಆಮೇಕೇನ್ ಮಾಡ್ದ?"

ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೋಪಿ ಮಾಡಿಕೊಂಡ ಅಂದ ಹುಡುಗ. ಭಾವ ತಮ್ಮ ಬೆರಳ ತುದಿ ನೋಡಿಕೊಂಡರು. "ಬರೀ ಪ್ಲಾಸ್ಟಿಕ್ ಆದ್ರೆ ತಂತಿ ಮೇಲೆ ಜಾರ್ತದೆ. ಮೇಲೆ ಚರ್ಮ ಅಂಟ್ಸಿರ್ಬೇಕು" ಅಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಐಯೋಮಿ ಹಳೇ ಜಾಕೆಟ್ಟಿನ ಚರ್ಮ ಕತ್ತರಿಸಿ ಅಂಟಿಸಿದ್ದು ನಿಜ. ನಾವು ಹೇಳಿರಲಿಲ್ಲ. ಆಮೇಲೆ ಬೆರಳಿಗೆ ನೋವಾಗದ ಹಾಗೆ ತೆಳು ತಂತಿ ಹಾಕಿ, ಕ್ರಮೇಣ ಶ್ರುತಿಯನ್ನೂ ಇಳಿಸಿ ತಂತಿ ಸಡಿಲ ಮಾಡಿದ, ಆ ದಪ್ಪ ದನಿಗೆ ಅದೂ ಒಂದು ಕಾರಣ ಅಂತ ನಾನು ಸೇರಿಸಿದೆ. ಭಾವ ಕೈ ತೊಳೆದು ಬಂದು ಅಕ್ಕನಿಗೆ ಹೇಳಿದ್ದು ಒಂದೇ ಮಾತು: "ಹೋಗ್ಬರ್ಲಿ ಬುಡು. ಕೆಲ್ಸ್‌ಗಾರ್ರು ಮಾಡಿರೋದದು."

ಶನಿವಾರ ಹೊರಡುತ್ತೇವೆ. ಬಸ್ಸಲ್ಲಿ.

ಕುವೆಂಪುನಗರದ ಕಿವಿ

ಭಾವನವರಿಗೂ ಒಂದು ಜೊತೆ ಇಯರ್‌ಪ್ಲಗ್ ತಗೊಳ್ಳಿ, ಮುಂದಿನ ಸಲಕ್ಕೆ.

ರೀವೈಂಡಿಂಗ್ ಮಂಡ್ಯ

ಹೋಗಿ ಬಂದೆವು. ಮೂವರು. ಸಾಕ್ಸಿನವನಿಗೆ ಫೋನ್ ಮಾಡಿದ್ದೆ. ಮೈಸೂರಿಂದ ಕಾರು ತಂದು ಮಂಡ್ಯದಲ್ಲಿ ನಮ್ಮನ್ನು ಹತ್ತಿಸಿಕೊಂಡ, ಹಾಗಾಗಿ ಕಂಡಕ್ಟರ್‌ನ ಕೇಳೋ ಪ್ರಮೇಯ ಬರಲಿಲ್ಲ. ಹೊಟ್ಟೆ ಬಂದಿದೆ, ತಲೆ ಬೋಳಾಗಿದೆ, ಟೀ ಶರ್ಟ್ ಮಾತ್ರ 2007ರದ್ದೇ, ಹೊಕ್ಕುಳ ಮೇಲಕ್ಕೆ ನಿಂತಿತ್ತು. ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ಬಿಡದಿ ದಾಟುವ ಮೊದಲೇ ಅವನೊಬ್ಬನೇ ಮುಗಿಸಿದ.

ಹುಡುಗ ಮೊದಲ ಒಂದು ಗಂಟೆ ನನ್ನ ಪಕ್ಕ ಕೈಕಟ್ಟಿ ನಿಂತಿದ್ದ. ಆಮೇಲೆ ತಿರುಗಿ ನೋಡಿದರೆ ಇಲ್ಲ. ಎದೆ ಧಸಕ್ ಅಂದಿತು. ಪಿಟ್ ಅಂಚಿನಲ್ಲಿ ಯಾರೋ ಗಡ್ಡದವರನ್ನು ಎತ್ತಿ ನಿಲ್ಲಿಸುತ್ತಿದ್ದ, ಅವರು ಇವನ ಎರಡರಷ್ಟಿದ್ದರು. ಎರಡೂ ಶೂ ಕಾಲಲ್ಲೇ ಇದ್ದವು.

ಹೊಸ ಟೀ ಶರ್ಟ್ ಕೊಡಿಸಿದೆ, ಎದೆ ತುಂಬಾ ತಲೆಬುರುಡೆ. ಇವತ್ತು ಅಕ್ಕನ ಮನೆಗೆ ಹೋದಾಗ ಅದು ತಂತಿ ಮೇಲೆ ಒಣಗುತ್ತಿತ್ತು, ಒಳಮೈ ಹೊರಗೆ ಮಾಡಿ. ಪ್ರಿಂಟು ಉಳಿಯಲಿ ಅಂತಲೋ, ಎದುರುಮನೆಯವರಿಗೆ ಕಾಣದಿರಲಿ ಅಂತಲೋ, ನಾನು ಕೇಳಲಿಲ್ಲ.