ಮೇಜಿನ ಆಟದ ಪುಟ್ಟ ಯೋಧರಿಗೆ ಬಣ್ಣ: ಹಚ್ಚಿ ಅನುಭವವಿದ್ದವರು ತಿಳಿಸಿ

ತುಮಕೂರಿನಿಂದ ಪ್ರಶ್ನೆ:
ಮಗನ ಹುಟ್ಟುಹಬ್ಬಕ್ಕೆ ಅವನ ಸೋದರಮಾವ ಒಂದು ಬೋರ್ಡ್ ಗೇಮ್ ತಂದುಕೊಟ್ಟಿದ್ದಾನೆ. ಅದರಲ್ಲಿ ಮೆದು ಪ್ಲಾಸ್ಟಿಕ್ಕಿನ 20 ಯೋಧರಿದ್ದಾರೆ, ಒಬ್ಬೊಬ್ಬನೂ ಮೂರು ಸೆಂಟಿಮೀಟರ್ ಎತ್ತರ. ಮನೆಯಲ್ಲಿದ್ದ ಪೋಸ್ಟರ್ ಬಣ್ಣವನ್ನು ಒಬ್ಬನಿಗೆ ಹಚ್ಚಿ ನೋಡಿದೆವು. ಬೆರಳು ತಾಗಿದಲ್ಲೆಲ್ಲ ಬಣ್ಣ ಎದ್ದು ಬಂತು, ಕಣ್ಣು ಮೂಗು ಮುಚ್ಚಿಹೋದವು. ಕತ್ತಿಗಳಂತೂ ಪೆಟ್ಟಿಗೆಯಲ್ಲೇ ಬಾಗಿದ್ದವು. ಮಗ ಬೇಸರಗೊಂಡಿದ್ದಾನೆ. ಏನೇನು ಕೊಳ್ಳಬೇಕು, ಎಲ್ಲಿಂದ ಆರಂಭಿಸಬೇಕು?

ಕೋಲಾರದಿಂದ:
ಮೇಡಂ, ಆ ಗೊಂಬೆ ಹಾಳಾಗಿಲ್ಲ. ಪೋಸ್ಟರ್ ಬಣ್ಣ ಒಣಗಿದ ಮೇಲೂ ನೀರಿಗೆ ಬಿಡುತ್ತದೆ; ಬೆರಳಿನ ಬೆವರಿಗೆ ಎದ್ದದ್ದು ಅದಕ್ಕೇ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೆಯ ಟೂತ್‌ಬ್ರಷ್ ಹಾಕಿ ತಿಕ್ಕಿದರೆ ಹೋಗುತ್ತದೆ. ಉಳಿದ 19 ಗೊಂಬೆಗಳನ್ನೂ ಹಾಗೆಯೇ ತೊಳೆಯಿರಿ, ಅಚ್ಚಿನಿಂದ ಬಿಡಿಸುವಾಗ ಬಳಸಿದ ಜಿಡ್ಡು ಉಳಿದಿದ್ದರೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಥಿನ್ನರ್ ಮಾತ್ರ ತಾಗಿಸಬೇಡಿ, ಪ್ಲಾಸ್ಟಿಕ್ಕೇ ಕರಗೀತು. ಬಾಗಿದ ಕತ್ತಿಯನ್ನು ಚೆನ್ನಾಗಿ ಕಾದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ ಹಿಡಿದು, ಕೂಡಲೇ ತಣ್ಣೀರಿಗೆ ಹಾಕಿ. ಆ ಕೆಲಸವನ್ನು ನೀವೇ ಮಾಡಿ, ಹುಡುಗನ ಕೈಗೆ ಕೊಡಬೇಡಿ.

ಬಣ್ಣಕ್ಕೆ ಮೊದಲು ಪ್ರೈಮರ್, ಅಂದರೆ ಬಣ್ಣ ಹಿಡಿದು ನಿಲ್ಲಲು ಅಡಿಯಲ್ಲಿ ಹಚ್ಚುವ ಲೇಪ, ಬೇಕೇ ಬೇಕು. ನಾನು ಆರಂಭದಲ್ಲಿ ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿ ತಂದು ಮಹಡಿಯ ಮೇಲೆ ಹೊಡೆದೆ. ಆಷಾಢದ ಗಾಳಿ, ಧೂಳೆಲ್ಲ ಅಂಟಿತು. ಅದಕ್ಕಿಂತ ಕೆಟ್ಟದ್ದೆಂದರೆ, ಮೆದು ಪ್ಲಾಸ್ಟಿಕ್ಕಿನ ಮೇಲೆ ಕೆಲವು ಸ್ಪ್ರೇಗಳು ಎಂದೂ ಪೂರ್ತಿ ಒಣಗುವುದಿಲ್ಲ. ನನ್ನ ಎಂಟು ಗೊಂಬೆಗಳು ತಿಂಗಳುಗಟ್ಟಲೆ ಕೈಗೆ ಅಂಟುತ್ತಿದ್ದವು. ಈಗ ಕುಂಚದಿಂದಲೇ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸುತ್ತೇನೆ. ತೆಳುವಾಗಿ ಹಚ್ಚಿ ಒಂದು ರಾತ್ರಿ ಬಿಡುತ್ತೇನೆ.

ಬಣ್ಣವೂ ಅಕ್ರಿಲಿಕ್ಕೇ ಇರಲಿ, ಅದು ಒಣಗಿದ ಮೇಲೆ ನೀರಿಗೆ ಬಿಡುವುದಿಲ್ಲ. ವಯೆಹೊ, ಸಿಟಾಡೆಲ್ ಮುಂತಾದ ಹೊರದೇಶದ ಬಣ್ಣಗಳು ನಿಜಕ್ಕೂ ಚೆನ್ನ, ಆದರೆ ಮೊದಲ 20 ಗೊಂಬೆಗಳಿಗೆ ಅವು ಬೇಡ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್ ಅಕ್ರಿಲಿಕ್‌ನಲ್ಲಿ ಕಪ್ಪು, ಬಿಳಿ, ಕೆಂಪು, ನೀಲಿ, ಹಳದಿ, ಕಂದು ಸಾಕು. ನೀರು ಬೆರೆಸಿ ಹಾಲಿನ ಹದಕ್ಕೆ ತೆಳು ಮಾಡಿಕೊಳ್ಳಿ. ಮೊದಲ ಕೋಟ್ ಪೇಲವವಾಗಿಯೇ ಕಾಣುತ್ತದೆ, ಅಲ್ಲಿ ತಾಳ್ಮೆಗೆಟ್ಟು ದಪ್ಪ ಬಳಿಯಬೇಡಿ. ಒಣಗಲು ಬಿಟ್ಟು ಎರಡನೆಯದನ್ನು ಹಚ್ಚಿ. ಮುಖ ಮುಚ್ಚಿಹೋಗುವುದು ತಪ್ಪುವುದು ಇದೊಂದರಿಂದಲೇ. ಆಮೇಲೆ ಕಂದು ಕಪ್ಪು ಬೆರೆಸಿ ಬಹಳ ನೀರಾಗಿಸಿ ಮೇಲೆ ಹರಿಯಬಿಡಿ. ಅದು ಬಟ್ಟೆಯ ನೆರಿಗೆ, ಕವಚದ ಸಂದುಗಳಿಗೆ ಇಳಿದು ತಾನೇ ನೆರಳಾಗುತ್ತದೆ. ಇದನ್ನು ವಾಶ್ ಎನ್ನುತ್ತಾರೆ. ಅದು ಒಣಗಿದ ಮೇಲೆ ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ತುಸು ತಿಳಿಬಣ್ಣವನ್ನು ಉಬ್ಬುಗಳ ಮೇಲೆ ಸವರಿದರೆ ಬೆಳಕು ಬಿದ್ದಂತಾಗುತ್ತದೆ.

ನಮ್ಮ ಕಡೆಯವರಿಗೆ ಮಾತ್ರ ಬೇಕಾಗುವ ಮಾತೊಂದಿದೆ. ಬೋರ್‌ವೆಲ್ ನೀರು ಬಳಸಬೇಡಿ. ಕೊಡದ ತಳದಲ್ಲಿ ಕಟ್ಟುವ ಬಿಳಿ ಉಪ್ಪೇ ವಾಶ್ ಒಣಗಿದ ಮೇಲೂ ಕಲೆಯಾಗಿ ನಿಲ್ಲುತ್ತದೆ. ಶುದ್ಧ ನೀರಿನ ಘಟಕದ ನೀರು ಅರ್ಧ ಲೋಟ ಸಾಕು.

ತಿಪಟೂರಿನಿಂದ:
ಗೊಂಬೆಯ ಕಾಲಡಿಯ ಬಿಲ್ಲೆಗೆ ಫೆವಿಕಾಲ್ ಸವರಿ, ಜರಡಿ ಹಿಡಿದ ತೆಂಗಿನ ನಾರಿನ ಪುಡಿ ಉದುರಿಸಿ ನೋಡಿ. ಉತ್ತ ಹೊಲದಂತೆಯೇ ಕಾಣುತ್ತದೆ. ನಾರಿನ ಎಳೆಗಳನ್ನು ಸಣ್ಣಗೆ ಕತ್ತರಿಸಿ ನಿಲ್ಲಿಸಿದರೆ ಒಣಹುಲ್ಲು. ನಮ್ಮೂರಿನಲ್ಲಿ ಇದಕ್ಕೆ ಕಾಸು ಕೊಡುವವರೇ ಇಲ್ಲ. ಮರಳೂ ಆಗುತ್ತದೆ, ತೊಳೆದು ಒಣಗಿಸಿರಬೇಕು.

ಕೆಜಿಎಫ್‌ನಿಂದ:
ಮರಳು ಎಂದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಗಣಿ 2001ರಲ್ಲಿ ಮುಚ್ಚಿದರೂ ನಮ್ಮ ಸಯನೈಡ್ ದಿಬ್ಬಗಳು ಹಾಗೆಯೇ ಇವೆ. ಆ ಪುಡಿ ಹಿಟ್ಟಿನಷ್ಟು ನಯ, ಮರುಭೂಮಿ ಮಾಡಲು ಹೇಳಿ ಮಾಡಿಸಿದಂತೆ ಕಾಣುತ್ತದೆ. ಚಿನ್ನ ತೆಗೆಯಲು ಸಯನೈಡ್ ಬಳಸಿ ಉಳಿದ ಮಣ್ಣು ಅದು. ಇತ್ತ ಬಂದವರು ದಯವಿಟ್ಟು ಒಂದು ಹಿಡಿಯನ್ನೂ ಒಯ್ಯಬೇಡಿ.

ಶಿಡ್ಲಘಟ್ಟದಿಂದ:
ದಸರೆಗೆ ಕೂರಿಸುವ ಹಳೆಯ ಗೊಂಬೆಗಳಿಗೆ ವರ್ಷವೂ ಬಣ್ಣ ತಿದ್ದುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಅಲ್ಲಿ ಕಣ್ಣು ಕೊನೆಗೆ. ಈ ಚಿಕ್ಕ ಯೋಧರಿಗೆ ಆ ಕ್ರಮ ಒಗ್ಗಲಿಲ್ಲ. ಮುಖ, ಶಿರಸ್ತ್ರಾಣ ಎಲ್ಲ ಮುಗಿಸಿ ಕಣ್ಣಿಗೆ ಬಂದಾಗ ಕೈ ತುಸು ಜಾರಿದರೂ ಮುಗಿದ ಕೆಲಸವೆಲ್ಲ ಕೆಡುತ್ತದೆ. ಅದಕ್ಕೇ ಕಣ್ಣನ್ನು ಮೊದಲು ಬರೆದು, ಆಚೆ ಹರಿದದ್ದನ್ನು ಮೈಬಣ್ಣದಿಂದ ಮುಚ್ಚುತ್ತಾ ಬನ್ನಿ. ಗೊಂಬೆಯನ್ನು ಔಷಧದ ಸೀಸೆಯ ಮುಚ್ಚಳಕ್ಕೆ ಅಂಟಿಸಿ ಹಿಡಿದು, ಎರಡೂ ಮಣಿಕಟ್ಟು ಒಂದಕ್ಕೊಂದು ಒತ್ತಿಕೊಂಡರೆ ಕೈ ನಡುಗುವುದಿಲ್ಲ. ಅತಿ ಸಣ್ಣ ಕುಂಚ ಬೇಡ, ಅದರ ತುದಿಯ ಬಣ್ಣ ಗೊಂಬೆಗೆ ತಾಗುವ ಮೊದಲೇ ಒಣಗುತ್ತದೆ. ಮೊನೆ ಚೂಪಾಗಿರುವ 1ನೇ ನಂಬರಿನದು ಸಾಕು.

ಬೇಸಿಗೆಯಲ್ಲಿ ತಟ್ಟೆಯ ಬಣ್ಣವೂ ನಿಮಿಷಗಳಲ್ಲೇ ಗಟ್ಟಿಯಾಗುತ್ತದೆ. ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕರಿಯವರು ಟ್ರೇಗೆ ಹಾಸುವ ಬಟರ್ ಪೇಪರ್, ಅದರ ಮೇಲೆ ಬಣ್ಣ. ಡಬ್ಬಿ ಮುಚ್ಚಿಟ್ಟರೆ ಮರುದಿನವೂ ಬಳಸಬಹುದು. ಇನ್ನು, ಬಿಲ್ಲಿನ ಹೆದೆ ಮುರಿದಿದ್ದರೆ ರೇಷ್ಮೆ ಎಳೆ ಕಟ್ಟಿ. ನೂಲಿನ ಹಾಗೆ ಜುಂಗು ಏಳುವುದಿಲ್ಲ.

ತುಮಕೂರಿನಿಂದ ಮತ್ತೆ:
ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಕತ್ತಿಗಳೆಲ್ಲ ನೇರವಾದವು, ಮಗ ಒಬ್ಬನಿಗೆ ಪ್ರೈಮರ್ ಹಚ್ಚಿ ಕಿಟಕಿಯ ಬಳಿ ಇಟ್ಟಿದ್ದಾನೆ. ಆಟವಾಡುವಾಗ ಬಣ್ಣ ಸವೆಯದಂತೆ ಮೇಲೆ ಏನು ಹಚ್ಚಬೇಕು?

ಕೋಲಾರದಿಂದ:
ಹೊಳಪಿಲ್ಲದ ಅಕ್ರಿಲಿಕ್ ಮ್ಯಾಟ್ ವಾರ್ನಿಷ್, ಕುಂಚದಿಂದ, ತೆಳುವಾಗಿ. ಹಚ್ಚುವ ಮೊದಲು ಸೀಸೆಯನ್ನು ಚೆನ್ನಾಗಿ ಕುಲುಕಿ, ಇಲ್ಲವಾದರೆ ಬಿಳಿ ಮಂಕು ಕೂರುತ್ತದೆ. ಬಣ್ಣ ಮುಗಿದ ಮರುದಿನ ಹಚ್ಚಿ, ಅದೇ ದಿನ ಬೇಡ.