ಐಸಿಯು ಬಿಟ್ಟು ವಯಸ್ಸಾದವರ ಮಾನಸಿಕ ವಾರ್ಡಿಗೆ ಬಂದೆ, ತಪ್ಪು ಮಾಡಿದೆನಾ?

ಹಾಸನದ_ಸಿಸ್ಟರ್

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಐದು ವರ್ಷ ಐಸಿಯುನಲ್ಲಿ ಇದ್ದೆ. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಯಸ್ಸಾದವರ ಮಾನಸಿಕ ವಾರ್ಡಿಗೆ ಸೇರಿದೆ. ನೈಟ್ ಡ್ಯೂಟಿ ಕಮ್ಮಿ ಅಂದಿದ್ದರು. ಅದು ಸುಳ್ಳು, ಬಿಡಿ.

ಇಲ್ಲಿ ವೆಂಟಿಲೇಟರ್ ಇಲ್ಲ, ಪಂಪ್ ಇಲ್ಲ. ಕ್ಯಾನುಲಾ ಹಾಕಿ ಎಷ್ಟು ದಿನ ಆಯ್ತೋ. ದಿನವಿಡೀ ಊಟ ಮಾಡಿಸು, ಮಾತ್ರೆ ನುಂಗಿದರಾ ಅಂತ ಬಾಯಿ ತೆಗೆಸಿ ನೋಡು, ಬಾತ್‌ರೂಮಿಗೆ ಕರೆದುಕೊಂಡು ಹೋಗು, ಒಂದೇ ಪ್ರಶ್ನೆಗೆ ಇಪ್ಪತ್ತು ಸಲ ಉತ್ತರ ಕೊಡು. ಕಲಿತದ್ದೆಲ್ಲ ಕೈಬಿಟ್ಟು ಹೋಗ್ತಿದೆ ಅನ್ನಿಸುತ್ತೆ.

ಒಬ್ಬರು ಅಜ್ಜಿ ಇದ್ದಾರೆ. ಸಂಜೆ ಐದಾದರೆ ಸಾಕು, ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾರೆ. "ಹಾಲು ಕರೆಯೋ ಹೊತ್ತಾಯ್ತು, ಬಿಡಮ್ಮ ನನ್ನ" ಅಂತಾರೆ. ಹಸು ಮಾರಿ ಹದಿನೈದು ವರ್ಷ ಆಗಿದೆ ಅಂತ ಅವರ ಮಗ ಹೇಳಿದರು. ಮೊದಲ ವಾರ ನಾನು ನಿಜಾನೇ ಹೇಳಿದೆ. ಹಸು ಇಲ್ಲ ಅಜ್ಜಿ, ಮಾರಿಬಿಟ್ಟಿದ್ದೀರಿ ಅಂತ. ಅತ್ತುಬಿಟ್ಟರು. ಮಾರನೇ ದಿನ, ನಿಮ್ಮ ಮಗನೇ ಹಾಲು ಕರೆದಾಯ್ತಂತೆ ಅಂತ ಸುಳ್ಳು ಹೇಳಿದೆ, ನನಗೇ ಒಂಥರಾ ಆಯ್ತು. ಹೋದ ವಾರ ಬಾಗಿಲಲ್ಲಿ ತಡೆಯೋಕೆ ಹೋದಾಗ ಮುಂಗೈ ಪರಚಿ ರಕ್ತ ಬರಿಸಿದರು. ಅಷ್ಟು ಸಿಟ್ಟು ಅವರಲ್ಲಿ ಯಾವತ್ತೂ ನೋಡಿರಲಿಲ್ಲ.

ಮನೆಯಲ್ಲಿ ಅಮ್ಮ "ಹುಚ್ಚಾಸ್ಪತ್ರೆ ಸಿಸ್ಟರ್ ಅಂದರೆ ಗಂಡಿನ ಕಡೆಯವರು ಏನಂತಾರೆ" ಅಂತ ಶುರು ಮಾಡಿದ್ದಾರೆ. ಜೊತೆಯವರೆಲ್ಲ ವಿದೇಶದ ಕೆಲಸಕ್ಕೆ ಬರೆಯೋ ಒಇಟಿ ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್‌ಗೆ ಹೋಗ್ತಿದ್ದಾರೆ. ವಾಪಸ್ ಐಸಿಯುಗೆ ಹೋಗಲಾ? ಇದರಲ್ಲೇ ಇರೋರು ಹೇಳಿ.

ರಾತ್ರಿಪಾಳಿ_ಅಕ್ಕ

ನೋಡಮ್ಮ, ನನಗೆ ಇದರಲ್ಲಿ ಹತ್ತೊಂಬತ್ತು ವರ್ಷ ಆಯ್ತು. ನಿಮ್ಹಾನ್ಸ್‌ನಲ್ಲಿ ಒಂದು ವರ್ಷದ ಸೈಕಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ ಮಾಡಿದವಳು. ಉಪದೇಶ ಆಮೇಲೆ, ಮೊದಲು ಒಂದು ಕಥೆ ಕೇಳು.

ನಮ್ಮ ವಾರ್ಡಿನಲ್ಲಿ ಒಬ್ಬರು ತಾತ ಇದ್ದರು, ರಿಟೈರ್ಡ್ ಬಸ್ ಕಂಡಕ್ಟರ್. ರಾತ್ರಿ ಎಲ್ಲ ಟಿಕೆಟ್ ಕೊಡೋರು. ಬೆಡ್‌ಶೀಟ್ ತುದಿ ಹಿಡಿದು ಹರಿದ ಹಾಗೆ ಮಾಡಿ, ಪಕ್ಕದ ಬೆಡ್ಡಿನವರಿಗೆ "ಚಿಲ್ಲರೆ ಕೊಡಿ, ಮುಂದೆ ಹೋಗಿ" ಅನ್ನೋರು. ನಾವೂ ಒಂದು ಹಳೇ ರಸೀದಿ ಪುಸ್ತಕ ಕೊಟ್ಟು ಸುಮ್ಮನಾಗಿದ್ದೆವು. ಒಂದು ರಾತ್ರಿ ಮಾತ್ರ ಬೇರೆ ಥರ. ಬೆವರು, ಎದ್ದು ಎದ್ದು ಕೂರೋದು, "ಹೋಲ್ಡಾನ್, ಹೋಲ್ಡಾನ್" ಅಂತ ಕಿರುಚೋದು. ಜೊತೆಗಿದ್ದ ಹೊಸ ಹುಡುಗಿ ಡಾಕ್ಟರಿಗೆ ಫೋನ್ ಮಾಡಿ ನಿದ್ದೆ ಇಂಜೆಕ್ಷನ್ ಕೇಳೋಣ ಅಂದಳು. ನನಗೆ ಅನುಮಾನ. ಇಷ್ಟು ದಿನ ರೈಟ್ ರೈಟ್ ಅನ್ನೋ ಮನುಷ್ಯ ಇವತ್ತೇಕೆ ಬಸ್ ನಿಲ್ಲಿಸು ಅಂತಿದ್ದಾರೆ? ಹೊಕ್ಕುಳ ಕೆಳಗೆ ಕೈ ಇಟ್ಟು ನೋಡಿದೆ. ಕಲ್ಲಿನ ಹಾಗಿತ್ತು. ಡಾಕ್ಟರನ್ನು ಕರೆಸಿ ಕ್ಯಾಥೆಟರ್ ಹಾಕಿದರೆ 900 ಎಂಎಲ್ ಯೂರಿನ್. ಮೂರು ದಿನದ ಹಿಂದೆ ಕೈಕಾಲು ಬಿಗಿತಕ್ಕೆ ಅಂತ ಟ್ರೈಹೆಕ್ಸಿಫೆನಿಡಿಲ್ ಶುರು ಮಾಡಿದ್ದರು. ಪ್ರಾಸ್ಟೇಟ್ ತೊಂದರೆ ಮೊದಲೇ ಇತ್ತು, ಆ ಮಾತ್ರೆಗೆ ಮೂತ್ರ ಕಟ್ಟಿಕೊಂಡಿತ್ತು. ಪಾಪ, ಇಳಿಯಬೇಕು ಅಂತಿದ್ದರು ಅಷ್ಟೇ. ಬ್ಯಾಗ್ ಖಾಲಿ ಮಾಡಿ ಬರೋಷ್ಟರಲ್ಲಿ ನಿದ್ದೆ ಹೋಗಿದ್ದರು.

ಈಗ ಹೇಳು, ನಿನ್ನ ಐಸಿಯು ಕೆಲಸ ಇಲ್ಲಿ ಬೇಡವಾ? ಐಸಿಯುನಲ್ಲಿ ಮಾನಿಟರ್ ಕೂಗಿ ಹೇಳುತ್ತೆ. ಇಲ್ಲಿ ಮಾನಿಟರ್ ನೀನೇ. ಮರೆವಿನ ಕಾಯಿಲೆ ತಿಂಗಳು, ವರ್ಷ ತಗೊಂಡು ಬರುತ್ತೆ. ನಿನ್ನೆ ಚೆನ್ನಾಗಿದ್ದವರು ಇವತ್ತು ಗೊಂದಲ ಆಗಿದ್ದಾರೆ ಅಂದರೆ ಅದು ಡೆಲಿರಿಯಂ, ಅಂದರೆ ದೇಹದ ಬೇರೆ ತೊಂದರೆಯಿಂದ ದಿಢೀರ್ ಬರೋ ಗೊಂದಲ, ಇರಬಹುದು ಅಂತ ಮೊದಲು ಯೋಚಿಸು. ಯೂರಿನ್ ಇನ್ಫೆಕ್ಷನ್, ಸೋಡಿಯಂ ಇಳಿದಿರೋದು, ಮಲಬದ್ಧತೆ, ನೋವು, ಹೊಸ ಮಾತ್ರೆ, ಎಲ್ಲ ಹುಡುಕು. ಖಿನ್ನತೆ ಮಾತ್ರೆಯ ಜೊತೆ ಬಿಪಿಗೆ ಮೂತ್ರ ಜಾಸ್ತಿ ಮಾಡೋ ನೀರಿನ ಮಾತ್ರೆಯೂ ಇದ್ದರೆ ಸೋಡಿಯಂ ಮೇಲೆ ಕಣ್ಣಿರಲಿ. ಮನಸ್ಸಿನ ಏರಿಳಿತಕ್ಕೆ ಲಿಥಿಯಂ ಮಾತ್ರೆ ತಗೊಳ್ಳೋರಿಗೆ ಭೇದಿ ಆಗಿ ಕೈ ನಡುಕ ಜಾಸ್ತಿ ಆದರೆ ಬೆಳಗಿನ ರೌಂಡ್ಸ್ ತನಕ ಕಾಯಬೇಡ. ಮಂಡಿ ನೋವಿಗೆ ಮನೆಯವರು ಡೈಕ್ಲೋಫೆನ್ಯಾಕ್ ತಂದುಕೊಟ್ಟಿದ್ದಾರಾ ಅಂತಾನೂ ಕೇಳು, ಅದರಿಂದ ಲಿಥಿಯಂ ಮಟ್ಟ ಏರುತ್ತೆ. ಇನ್ನೊಂದು, ಗಲಾಟೆ ಮಾಡೋ ಡೆಲಿರಿಯಂ ಎಲ್ಲರಿಗೂ ಕಾಣುತ್ತೆ, ಮಂಕಾಗಿ ಮಲಗಿರೋದು ಕಾಣೋದಿಲ್ಲ. ಪಾಳಿ ಬದಲಾಗೋವಾಗ ಬರೆದಿಡೋ ಹ್ಯಾಂಡೋವರಿನಲ್ಲಿ "ಪೇಷಂಟ್ ಶಾಂತವಾಗಿದ್ದಾರೆ" ಅಂತ ಓದಿದರೆ ನಾನು ಮೊದಲು ಆ ಬೆಡ್ಡಿಗೇ ಹೋಗ್ತೀನಿ.

ಅಜ್ಜಿಗೆ ನಿಜವೂ ಬೇಡ, ಸುಳ್ಳೂ ಬೇಡ. ಹಸು ಬಗ್ಗೆ ಕೇಳು. ಯಾವ ಬಣ್ಣ, ಎಷ್ಟು ಹಾಲು ಕೊಡೋದು, ಹಾಯೋದಾ ಅಂತ. ಐದಕ್ಕೆ ಬಾಗಿಲಿಗೆ ಬರ್ತಾರೆ ಅಂತ ಗೊತ್ತಿದ್ದ ಮೇಲೆ ನಾಲ್ಕೂವರೆಗೇ ಟೀ ಕೊಟ್ಟು ಕೈಗೊಂದು ಕೆಲಸ ಕೊಡು, ಲೈಟ್ ಎಲ್ಲ ಹಾಕಿಬಿಡು. ಮತ್ತೆ ಆ ಪರಚಿದ ದಿನ ಅಜ್ಜಿಗೆ ಬೇರೆ ಏನಾಗಿತ್ತು ಅಂತ ಚಾರ್ಟ್ ತೆಗೆದು ನೋಡಿದೆಯಾ?

ಧಾರವಾಡದ_ಮಗಳು

ನಾನು ನರ್ಸ್ ಅಲ್ಲ, ಪೇಷಂಟಿನ ಮಗಳು. ಸುಮ್ನೆ ಓದಿ ಹೋಗೋಣ ಅಂತಿದ್ದೆ, ಆಗಲಿಲ್ಲ.

ನಮ್ಮ ಅವ್ವಗ 71 ವಯಸ್ಸು. ಮಾತು ಕಮ್ಮಿ ಆಯ್ತು, ಊಟ ಬಿಟ್ಟಳು, ಏನು ಕೇಳಿದರೂ ನೆನಪಿಲ್ಲ ಅಂದಳು. ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ನಾವೂ ಹಾಗೇ ಅಂದುಕೊಂಡು ಎಂಟು ತಿಂಗಳು ಕಳೆದೆವು. ಕೊನೆಗೆ "ನನ್ನ ಕರುಳು ಕೊಳೆತು ಹೋಗಿದೆ, ಊಟ ಎಲ್ಲಿಗೆ ಹೋಗಬೇಕು" ಅಂತ ನೀರನ್ನೂ ಬಿಟ್ಟಾಗ ಅಡ್ಮಿಟ್ ಮಾಡಿದೆವು. ಅಲ್ಲಿನ ಸಿಸ್ಟರ್ ಒಬ್ಬರು ಎರಡು ದಿನ ಪಕ್ಕ ಕೂತು ನೋಡಿದರು. ಮರೆವಿನವರು ಏನೋ ಒಂದು ಉತ್ತರ ಕಟ್ಟಿ ಹೇಳ್ತಾರೆ, ಇವರು ಪ್ರಯತ್ನಾನೇ ಮಾಡದೆ ಎಲ್ಲಕ್ಕೂ "ಗೊತ್ತಿಲ್ಲ" ಅಂತಾರೆ, ಬೆಳಗಿನ ಜಾವ ಮೂರಕ್ಕೆ ಎದ್ದು ಅಳ್ತಾರೆ ಅಂತ ಡಾಕ್ಟರಿಗೆ ಬರೆದಿಟ್ಟರು. ಅದು ಮರೆವಲ್ಲ, ತೀವ್ರ ಖಿನ್ನತೆ. ಇಸಿಟಿ, ಅಂದರೆ ಮಿದುಳಿಗೆ ಸಣ್ಣಗೆ ಕರೆಂಟ್ ಹಾಯಿಸೋ ಚಿಕಿತ್ಸೆ, ಕೊಡಬೇಕು ಅಂದಾಗ ನಮ್ಮಣ್ಣ ಕರೆಂಟ್ ಶಾಕ್ ಅಂತ ಜಗಳಕ್ಕೇ ನಿಂತ. ಅನಸ್ತೇಷಿಯಾ ಕೊಟ್ಟೇ ಮಾಡ್ತಾರೆ ಅಂತ ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದೂ ಆ ಸಿಸ್ಟರೇ. ಏಳು ಸಲ ಆಯ್ತು. ಐದನೇದು ಆದ ಮೇಲೆ ಅವ್ವ ಚಹಾಕ್ಕೆ ಸಕ್ಕರೆ ಸಾಲದು ಅಂದಳು. ನಾನು ಹೊರಗೆ ಹೋಗಿ ಅತ್ತೆ.

ನೀವು ಬಾಯಿ ತೆಗೆಸಿ ನೋಡೋ ಕೆಲಸ ಅಂದಿರಲ್ಲ, ಅವ್ವ ಮಾತ್ರೆ ದವಡೆಯಲ್ಲಿ ಇಟ್ಟುಕೊಂಡು ಆಮೇಲೆ ದಿಂಬಿನ ಕೆಳಗೆ ಸೇರಿಸ್ತಿದ್ದಳು.

ಮಂಡ್ಯ_ಬ್ರದರ್

ನಾನು ಇಂಗ್ಲೆಂಡಿನಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಒಇಟಿ ಬರೆಯೋ ಆಸೆ ಇದ್ದರೆ ಒಂದು ವಿಷಯ. ಇಲ್ಲಿ ಮಾನಸಿಕ ನರ್ಸಿಂಗ್ ಅನ್ನೋದು ನರ್ಸಿಂಗ್ ಕೌನ್ಸಿಲ್ ರಿಜಿಸ್ಟರಿನಲ್ಲೇ ಬೇರೆ ವಿಭಾಗ, ಪ್ರಾಕ್ಟಿಕಲ್ ಪರೀಕ್ಷೆಯೂ ಬೇರೆ. ಹಾಗಾಗಿ ವರ್ಷ ದಂಡ ಆಯ್ತು ಅಂತ ಅಳಬೇಡಿ. ಆದರೆ ಇಲ್ಲೂ ಸ್ಟಾಫ್ ಸಾಲದು, ಸ್ವರ್ಗ ಅಂತ ಬರಬೇಡಿ.

ಪರಚಿದ್ದನ್ನು ರಿಪೋರ್ಟ್ ಮಾಡಿದಿರಾ? ಇದೆಲ್ಲ ಇದ್ದದ್ದೇ ಅಂತ ಬಿಟ್ಟಿರ್ತೀರಿ, ಗೊತ್ತು. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಮಣಿಕಟ್ಟು ಹಿಡಿಯಬೇಡಿ. ಪಕ್ಕಕ್ಕೆ ಬಂದು ಅವರ ಜೊತೆ ನಾಲ್ಕು ಹೆಜ್ಜೆ ನಡೆದು ಹಾಗೇ ತಿರುಗಿಸಿ. ಮತ್ತೆ ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿ ಗಾಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟೋ ಪದ್ಧತಿ ಇದ್ದರೆ ದಯವಿಟ್ಟು ಕೈ ಹಾಕಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ತಕ್ಷಣದ ಅಪಾಯ ತಪ್ಪಿಸೋಕೆ ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ನೋಡಿಕೊಳ್ಳೋ ಸೈಕಿಯಾಟ್ರಿಸ್ಟ್ ಒಪ್ಪಿದರೆ. ಕಾರಣ ಬರೆದಿಡಬೇಕು, 24 ಗಂಟೆ ಒಳಗೆ ಪೇಷಂಟ್ ಕಡೆಯ ಪ್ರತಿನಿಧಿಗೆ ತಿಳಿಸಬೇಕು. ಸ್ಟಾಫ್ ಕಮ್ಮಿ ಅನ್ನೋದು ಕಾರಣ ಅಲ್ಲ.

ರಾತ್ರಿಪಾಳಿ_ಅಕ್ಕ

ಬ್ರದರ್, ಕಾನೂನು ನೀವು ಹೇಳಿದ್ದು ಸರಿ. ಆದರೆ ರಾತ್ರಿ 22 ಜನಕ್ಕೆ ಒಬ್ಬಳು ಸಿಸ್ಟರ್, ಒಬ್ಬರು ಆಯಾ ಇದ್ದಾಗ ಬೀಳೋ ತಾತನನ್ನು ಹಿಡಿಯೋರು ಯಾರು? ನಾನು ಕಟ್ಟೋದಿಲ್ಲ, ಅವರ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಅಲ್ಲೇ ಚಾರ್ಟ್ ಬರೀತೀನಿ. ಆದರೆ ಕಟ್ಟಿದವಳನ್ನು ಬೈಯೋಕೂ ಮನಸ್ಸು ಬರೋದಿಲ್ಲ. ಬೈಸಿಕೊಳ್ಳಬೇಕಾದವರು ರೋಸ್ಟರ್ ಹಾಕೋರು.

ಹಾಸನದ_ಸಿಸ್ಟರ್

ಅಕ್ಕಾ, ಚಾರ್ಟ್ ತೆಗೆದು ನೋಡಿದೆ. ಪರಚಿದ ದಿನದ ಹಿಂದಿನ ಐದು ದಿನ ಮೋಷನ್ ಕಾಲಂ ಖಾಲಿ. ಅದರಲ್ಲಿ ಎರಡು ದಿನ ನನ್ನದೇ ಸಹಿ. ನಾನು ಐಸಿಯುನಲ್ಲಿ ಇದ್ದಿದ್ದರೆ ಇನ್‌ಟೇಕ್ ಔಟ್‌ಪುಟ್ ಹಾಗೆ ಬಿಡ್ತಿದ್ದೆನಾ? ನಾಚಿಕೆ ಆಯ್ತು. ಈಗ ಡಾಕ್ಟರಿಗೆ ಹೇಳಿ ಔಷಧ ಶುರು ಆಗಿದೆ, ಹೊಟ್ಟೆ ಸರಿ ಹೋಗಿದೆ. ಬ್ರದರ್, ರಿಪೋರ್ಟೂ ಬರೆದೆ, ಇನ್‌ಚಾರ್ಜ್ ಮುಖ ಸಿಂಡರಿಸಿದರು, ತಗೊಂಡರು.

ಐದಕ್ಕೆ ಬಾಗಿಲಿಗೆ ಬರೋದು ನಿಂತಿಲ್ಲ. ಅವರೆಕಾಯಿ ಬಿಡಿಸೋಕೆ ಕೊಟ್ಟು ಪಕ್ಕದಲ್ಲೇ ಕೂರ್ತೀನಿ, ಹತ್ತು ಹದಿನೈದು ನಿಮಿಷ ಅದರಲ್ಲಿ ಇರ್ತಾರೆ. ಆಮೇಲೆ ಎದ್ದೇ ಏಳ್ತಾರೆ. ನಿನ್ನೆ ಹಸು ಬಗ್ಗೆ ಕೇಳಿದೆ. ಹೆಸರು ಕೆಂಪಿಯಂತೆ. ಹೊಸಬರು ಕೂತರೆ ಒದೀತಾಳಂತೆ, ಮೊದಲು ಕರು ಬಿಡಬೇಕಂತೆ. ಕಾರಿಡಾರಿನ ಆ ತುದಿ ತನಕ ನಡ್ಕೊಂಡು ಹೋಗಿ ಬಂದೆವು. ತಿರುಗೋವಾಗ ನನ್ನ ಮುಂಗೈ ನೋಡಿ "ಕೆಂಪಿ ಒದ್ದಳಾ?" ಅಂದರು. ಹೂಂ ಅಂದೆ.

ಅಕ್ಕಾ, ಆ ಡಿಪ್ಲೊಮಾ ಅರ್ಜಿ ಬಗ್ಗೆ ಮೆಸೇಜ್ ಮಾಡ್ತೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ.