ದಿನಕ್ಕ ನಾಕೈದು ಸಲ ಲಿಂಕ್ ಬೀಳ್ತದ: ತಪ್ಪು ಎಲ್ಲದ ಅಂತ ಹ್ಯಾಂಗ ಕಂಡುಹಿಡೀಬೇಕು? ಅನುಭವ ಇದ್ದವರು ಹೇಳ್ರಿ

ಜೇವರ್ಗಿ ತಾಲೂಕಿನಿಂದ (ಕೇಳಿದವರು):
ನಮಸ್ಕಾರ್ರಿ. ನಮ್ಮೂರಾಗ ಪಹಣಿ, ಆನ್‌ಲೈನ್ ಅರ್ಜಿ, ಝೆರಾಕ್ಸ್ ಅಂಗಡಿ ಇಟ್ಟೀನಿ. ಊರಿಗಿ ಫೈಬರ್ ಬಂದಿಲ್ಲ. ಜೇವರ್ಗಿಯಾಗ ನಮ್ಮ ಮಾಮಾನ ಮನ್ಯಾಗ ಫೈಬರ್ ಲೈನ್ ತಗೊಂಡು, ಅವರ ಮಾಳಿಗಿ ಮ್ಯಾಲಿಂದ ನಮ್ಮೂರಿಗಿ 9 ಕಿಲೋಮೀಟರ್ 5.8 ಗಿಗಾಹರ್ಟ್ಸ್ ಡಿಶ್ ಲಿಂಕ್ (ಎರಡೂ ಕಡಿ ಡಿಶ್ ಇಟ್ಟು, ರೇಡಿಯೋ ಮ್ಯಾಲ ವೈರ್ ಇಲ್ದೆ ಇಂಟರ್‌ನೆಟ್ ತರೋದು) ಹಾಕ್ಸೀನಿ. ನಮ್ಮ ಕಡಿ ಕಬ್ಬಿಣದ ಕಂಬ ಹೊಲದ ಅಂಚಿಗದ. ದಿನಕ್ಕ ನಾಕೈದು ಸಲ ಲಿಂಕ್ ಹೋಗ್ತದ, ಮಳಿ ಬಂದ್ರ ಇನ್ನೂ ಹೆಚ್ಚು. ಫೈಬರ್‌ನವರು ‘ನಮ್ಮ ಕಡಿಂದ ಸರಿ ಅದ’ ಅಂತಾರ, ಡಿಶ್ ಕಟ್ಟಿದವರು ‘ಫೈಬರ್ ಚೆಕ್ ಮಾಡ್ಸ್ರಿ’ ಅಂತಾರ. ಮುದುಕರು ಬೆರಳಚ್ಚು ಕೊಡಾಕ ಬಿಸಲಾಗ ನಡ್ಕೊಂಡು ಬಂದು ವಾಪಸ್ ಹೋಗೋದು ನೋಡಿ ಬ್ಯಾಸರ ಆಗ್ತದ. ಹ್ಯಾಂಗ ಅಳೀಬೇಕು, ಯಾವುದು ಮೊದಲು ಸರಿ ಮಾಡಬೇಕು?

ಶಹಾಪುರದಿಂದ:
ಅಣ್ಣಾ, ನಾನು ಹನ್ನೊಂದು ವರ್ಷದಿಂದ ಡಿಶ್ ಲಿಂಕ್ ಕಟ್ಟೋ ಕೆಲಸದಾಗ ಇದ್ದೀನಿ. ಯಾರ ಮಾತೂ ಈಗ ನಂಬಬ್ಯಾಡ್ರಿ, ದಾರಿ ತುಂಡು ತುಂಡು ಮಾಡಿ ನೋಡ್ರಿ. ಅಂಗಡಿ ಕಂಪ್ಯೂಟರ್‌ನಿಂದ ನಾಕು ಜಾಗಕ್ಕ ಒಮ್ಮೆಲೆ ಪಿಂಗ್ (‘ಇದ್ದೀಯೇನು’ ಅಂತ ಕೇಳಿ ಉತ್ತರ ಕಾಯೋ ಸಣ್ಣ ಸಂದೇಶ) ಹಚ್ಚಿ ಬಿಡ್ರಿ: ನಿಮ್ಮೂರ ರೇಡಿಯೋ, ಜೇವರ್ಗಿ ರೇಡಿಯೋ, ಫೈಬರ್ ಕಂಪನಿಯ ಮೊದಲ ಗೇಟ್‌ವೇ (ಅವರ ಜಾಲದ ಬಾಗಲ), ಆಮ್ಯಾಲ 8.8.8.8 (ಹೊರಗಿನ ಗೂಗಲ್ ಸರ್ವರ್). ಟೈಮ್ ಸಮೇತ ಫೈಲಿಗಿ ಬರೀಲಿ. ಸೆಕೆಂಡಿಗೊಂದು ಅಂದ್ರ ದಿನಕ್ಕ 86,400 ಪಿಂಗ್. ನಿಮ್ಮೂರ ರೇಡಿಯೋ ಉತ್ತರ ಕೊಟ್ಟು ಜೇವರ್ಗಿದು ಕೊಡ್ಲಿಲ್ಲಂದ್ರ ತಪ್ಪು ಗಾಳ್ಯಾಗ ಇಲ್ಲಾ ಆ ಕಡಿ ಕರೆಂಟ್‌ನ್ಯಾಗ. ಜೇವರ್ಗಿ ರೇಡಿಯೋ ಜೀವಂತ ಇದ್ದು ಗೇಟ್‌ವೇ ಸತ್ತಿದ್ರ ಫೈಬರ್ ಕಡಿ.

ಗಾಳಿನೋ ಕರೆಂಟೋ ಅಂತ ತಿಳ್ಯಾಕ ರೇಡಿಯೋದ ಪುಟದಾಗ ‘ಅಪ್‌ಟೈಮ್’ (ಚಾಲೂ ಆಗಿ ಎಷ್ಟು ಹೊತ್ತಾತು ಅನ್ನೋದು) ನೋಡ್ರಿ. ಲಿಂಕ್ ಬಿದ್ದ ಮ್ಯಾಲ ಅಪ್‌ಟೈಮ್ ಮತ್ತ ಸೊನ್ನಿಯಿಂದ ಸುರು ಆಗಿದ್ರ ರೇಡಿಯೋನೇ ಆರಿ ಹತ್ಯದ, ಡಿಶ್ ತಿರುಗಿಸಿ ಏನೂ ಉಪಯೋಗ ಇಲ್ಲ. ಇದೊಂದು ನೋಡದೆ ನಾನು ಸುರುಸುರೂಕ ಎಷ್ಟು ಕಂಬ ಸುಮ್ಮನ ಹತ್ತೀನೋ.

ಇನ್ನೊಂದು. ಇಂಥ ರೇಡಿಯೋ ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಕಳಕೊಂಡ್ರ ತಾನೇ ಮತ್ತ ಮತ್ತ ಕಳಸ್ತದ. ಹಂಗಾಗಿ ಲಾಸ್ ಸೊನ್ನಿ ಕಾಣ್ತದ, ಆದ್ರ 3 ಮಿಲಿಸೆಕೆಂಡಿನ್ಯಾಗ ಬರೋ ಉತ್ತರ 80, 100 ಆಗಿರ್ತದ. ಆ ಏರಿಳಿತ ನೋಡ್ರಿ, ಲಿಂಕ್ ಬೀಳೋಕಿಂತ ಮೊದಲೇ ಅದು ಸುಳಿವು ಕೊಡ್ತದ. ಪಿಂಗ್ ಸೈಜ್ 1400 ಬೈಟ್ ಇಟ್ಟೂ ನೋಡ್ರಿ. ಸಣ್ಣ ಪ್ಯಾಕೆಟ್ ಪಾರಾಗೋ ಕಡಿ ದೊಡ್ಡದು ಸಿಕ್ಕಿ ಬೀಳ್ತದ.

ಮಳಿ ವಿಷಯ. 5.8ಕ್ಕ ಮಳಿ ಹನಿ ಅಷ್ಟು ಅಡ್ಡ ಬರಂಗಿಲ್ರಿ. ಜೋರು ಮಳಿಗೂ 9 ಕಿಲೋಮೀಟರಿಗಿ ಎರಡು ಮೂರು ಡೆಸಿಬೆಲ್ (ಸಿಗ್ನಲ್ ಶಕ್ತಿಯ ಏರಿಳಿತದ ಅಳತಿ, 3 ಹೋದ್ರ ಅರ್ಧ ಶಕ್ತಿ ಹೋದಂಗ) ಹೋದ್ರ ಹೆಚ್ಚು. ಮಳಿ ನಿಂತ ಮ್ಯಾಲೂ ತಾಸೆರಡು ತಾಸು ಲಿಂಕ್ ಸುಧಾರಿಸದಿದ್ರ ನೀರು ಕನೆಕ್ಟರ್ ಒಳಗ ಹೊಕ್ಕದ ಅಂತ ತಿಳೀರಿ. ಕೇಬಲ್ ರೇಡಿಯೋಕ್ಕ ಹೋಗೋ ಮೊದಲು ಜೋಳಿಗಿ ಹಂಗ ಕೆಳಗ ಇಳಿಬಿಟ್ಟು ಮ್ಯಾಲ ತಗೋರಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗ್ತದ. ಅಲ್ಯೂಮಿನಿಯಂ ಮ್ಯಾಲ ತಾಮ್ರದ ಲೇಪ ಇರೋ ಅಗ್ಗದ ಕೇಬಲ್ ಹಾಕಿದ್ರ ತಗೀರಿ. ರೇಡಿಯೋಕ್ಕ ಕರೆಂಟೂ ಅದ್ರಾಗೇ ಹೋಗ್ತದ, ಅದು ತಡಕೊಳ್ಳಂಗಿಲ್ಲ.

ನನಗ ಖರೆ ಸಂಶಯ ಇರೋದು ನಿಮ್ಮ ಕಂಬದ ಮ್ಯಾಲ. ಹೊಲದ ಅಂಚು ಅಂದ್ರಿ, ನಿಮ್ಮ ಕಡಿ ಎಲ್ಲಾ ಎರಿ ಮಣ್ಣು. ಮಳಿಗಾಲದಾಗ ಉಬ್ತದ, ಬ್ಯಾಸಗಿಗಿ ಕೈ ಹೋಗುವಷ್ಟು ಬಿರುಕು ಬಿಡ್ತದ, ಕಂಬ ವಾಲ್ತದ. ಎರಡು ಫೂಟಿನ ಡಿಶ್‌ನ ಕಿರಣ 5.8ರಾಗ ಸುಮಾರು 6 ಡಿಗ್ರಿ ಅಗಲ ಅಷ್ಟೇ. ಮಧ್ಯದಿಂದ 3 ಡಿಗ್ರಿ ಸರೀತಂದ್ರ ಅರ್ಧ ಶಕ್ತಿ ಹೋತು. ಗೌಂಡಿ ದಾರಕ್ಕ ಗುಂಡು ಕಟ್ಟಿ ಬಿಟ್ಟು ನೋಡ್ತಾನಲ್ಲ, ಹಂಗ ನೋಡ್ರಿ. ವಾಲಿದ್ರ ಎರಿ ದಾಟಿ ಗಟ್ಟಿ ಗರಸು ಸಿಗೋ ತನಕ ತೋಡಿ ಕಾಂಕ್ರೀಟ್ ಹಾಕಿಸ್ರಿ, ಮೂರು ಕಡಿ ತಂತಿ ಬಿಗಿಸ್ರಿ.

ನಡುವ ಬೇವಿನ ಗಿಡ ಬೆಳದಾವೇನು ಅಂತಾನೂ ನೋಡ್ರಿ. ಕಣ್ಣಿಗಿ ಆ ಕಡಿ ಡಿಶ್ ಕಂಡ್ರ ಸಾಲಂಗಿಲ್ಲ. ಕಿರಣಕ್ಕ ಸುತ್ತ ಖಾಲಿ ಜಾಗ ಬೇಕು, ಫ್ರೆನೆಲ್ ವಲಯ ಅಂತಾರ. 9 ಕಿಲೋಮೀಟರಿಗಿ ನಟ್ಟನಡುವ ಅದರ ತ್ರಿಜ್ಯ ಸುಮಾರು 10.8 ಮೀಟರ್, ಅದ್ರಾಗ ನೂರಕ್ಕ 60 ಪಾಲು, ಅಂದ್ರ ಆರೂವರೆ ಮೀಟರ್ ತೆರವು ಇರಬೇಕು. ಭೂಮಿ ಗುಂಡಗಿರೋದಕ್ಕ ಇನ್ನೊಂದು ಮೀಟರ್ ಚಿಲ್ಲರ ಕೂಡಸ್ರಿ. ತೊಗರಿ ಬೆಳಿ ಅಡ್ಡ ಬರಂಗಿಲ್ಲ, ಗಿಡ ಬರ್ತಾವ.

ಬೀದರ್‌ನಿಂದ:
ನಾನು ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಶಹಾಪುರದ ಅಣ್ಣ ಹೇಳಿದ್ದಕ್ಕೆ ಒಂದೇ ತಕರಾರು: ಕಂಬ ಮುಟ್ಟುವ ಮೊದಲು ಕನಿಷ್ಠ ಒಂದು ವಾರದ ಲೆಕ್ಕ ಕೈಯಲ್ಲಿರಲಿ. ಇಲ್ಲದಿದ್ದರೆ ರಿಪೇರಿ ಆದಮೇಲೆ ಸುಧಾರಿಸಿತೋ ಇಲ್ಲವೋ ಹೇಳುವುದು ಹೇಗೆ?

ಲೆಕ್ಕ ಹೀಗೆ. ತಿಂಗಳಿಗೆ 99 ಶೇಕಡಾ ಹೊತ್ತು ಲಿಂಕ್ ಇತ್ತು ಅಂದರೆ ಚಂದ ಕೇಳಿಸುತ್ತದೆ, ಆದರೆ 30 ದಿನಕ್ಕೆ 7 ಗಂಟೆ 12 ನಿಮಿಷ ಲಿಂಕ್ ಇಲ್ಲ ಅಂತ ಅರ್ಥ. 99.9 ಅಂದರೆ 43 ನಿಮಿಷ. ನಿಮ್ಮದು ಎರಡು ತುಂಡು ಒಂದರ ಹಿಂದೊಂದು ಇದೆ, ಫೈಬರ್ ಮತ್ತು ರೇಡಿಯೋ. ಎರಡೂ 99 ಇದ್ದರೆ ಒಟ್ಟು 98.01, ಯಾಕೆಂದರೆ ಒಂದು ಬಿದ್ದರೂ ಅಂಗಡಿ ನಿಂತಿತು. ಎಷ್ಟು ಸಲ ಬಿತ್ತು, ಪ್ರತಿ ಸಲ ಎಷ್ಟು ಹೊತ್ತು, ಇವೆರಡನ್ನೂ ಬೇರೆ ಬೇರೆ ಬರೆಯಿರಿ. ದಿನಕ್ಕೆ ಐದು ಸಲ ಎರಡೆರಡು ನಿಮಿಷ ಬೀಳುವುದಕ್ಕೂ ವಾರಕ್ಕೊಮ್ಮೆ ಒಂದು ಗಂಟೆ ಬೀಳುವುದಕ್ಕೂ ಒಟ್ಟು ನಿಮಿಷ ಹತ್ತಿರ ಹತ್ತಿರ, ಕಾರಣ ಮಾತ್ರ ಪೂರಾ ಬೇರೆ. ಪಕ್ಕದಲ್ಲಿ ಕರೆಂಟ್ ಇತ್ತಾ, ಬಿಸಿಲಾ, ಮಳೆಯಾ ಅಂತ ಒಂದು ಪದ ಸಾಕು.

ಒಂದು ಎಚ್ಚರಿಕೆ. ಟ್ರೇಸ್ (ದಾರಿಯ ಒಂದೊಂದು ರೂಟರನ್ನೂ ತೋರಿಸುವ ಪರೀಕ್ಷೆ) ಹಾಕಿದಾಗ ನಡುವಿನ ಯಾವುದೋ ರೂಟರ್ 40 ಶೇಕಡಾ ಲಾಸ್ ತೋರಿಸಿ, ಅದರ ಮುಂದಿನವೆಲ್ಲ ಸರಿ ಇದ್ದರೆ ಅದು ತಪ್ಪಲ್ಲ. ಆ ರೂಟರ್ ಪಿಂಗಿಗೆ ಉತ್ತರ ಕೊಡುವುದನ್ನು ಹಿಂದೆ ಹಾಕಿದೆ ಅಷ್ಟೇ. ಕೊನೆಯವರೆಗೂ ಲಾಸ್ ಮುಂದುವರಿದರೆ ಮಾತ್ರ ಹಿಡಿದು ಕೇಳಿ.

ಮತ್ತೆ, ರೇಡಿಯೋದಲ್ಲಿ ಚಾನೆಲ್ ಅಗಲ 40 ಮೆಗಾಹರ್ಟ್ಸ್ ಇದ್ದರೆ 20ಕ್ಕೆ ಇಳಿಸಿ. ಸ್ಪೀಡ್ ಅರ್ಧ ಆಗುತ್ತದೆ, ಆದರೆ ಒಳಗೆ ಬರುವ ಗದ್ದಲವೂ ಅರ್ಧ ಆಗಿ 3 ಡೆಸಿಬೆಲ್ ಲಾಭ. ಬೆರಳಚ್ಚಿಗೆ ಸ್ಪೀಡ್ ಬೇಡ, ನಿಲ್ಲದ ಲಿಂಕ್ ಬೇಕು.

ಕಲಬುರಗಿಯಿಂದ:
ನಾ ಫೈಬರ್ ಸ್ಪ್ಲೈಸಿಂಗ್ (ಫೈಬರ್ ತುದಿ ಜೋಡಿಸೋ ಕೆಲಸ) ಮಾಡ್ತೀನ್ರಿ. ‘ಲೈನ್ ಸರಿ ಅದ’ ಅಂದ್ರ ‘ಪವರ್ ಎಷ್ಟು ಬರ್ಲತ್ತದ’ ಅಂತ ಕೇಳ್ರಿ, ನಂಬರ್ ಹೇಳ್ಲಿ. ಮನಿ ಮೋಡೆಮ್ ಪುಟದಾಗೂ ಸಿಗ್ತದ. ಸಾಮಾನ್ಯ ಜಿಪಾನ್ (ಮನಿಮನಿಗಿ ಕೊಡೋ ಫೈಬರ್) ಲೈನಿಗಿ −27 ಡಿಬಿಎಂ (ಶಕ್ತಿಯ ಅಳತಿ, ಮೈನಸ್ ಅಂಕಿ ದೊಡ್ಡದಾದಷ್ಟು ಶಕ್ತಿ ಕಮ್ಮಿ) ಕೊನಿ ಗೆರಿ. −20ರ ಆಸುಪಾಸು ಇದ್ರ ಆರಾಮ. −26 ಇದ್ರ ಇವತ್ತು ನಡೀತದ, ನಾಳಿ ಗಾಳಿಗಿ ವೈರ್ ಅಲ್ಲಾಡಿದ್ರ ಕೆಂಪು ದೀಪ. ದಿನಾ ಒಂದೇ ಹೊತ್ತಿಗಿ ಬರಕೊಳ್ರಿ. 3 ಕಮ್ಮಿ ಆತಂದ್ರ ಅರ್ಧ ಬೆಳಕು ಎಲ್ಲೋ ಸೋರ್ಲತ್ತದ. ಬಹಳ ಸಲ ಕಾರಣ ಸಣ್ಣದೇ ಇರ್ತದ: ವೈರ್ ಬಾಗಲ ಸಂದ್ಯಾಗ ಒತ್ತಿರ್ತದ, ಇಲ್ಲಾ ಹಸಿರು ಕನೆಕ್ಟರ್ ಜಾಗಕ್ಕ ನೀಲಿ ಚುಚ್ಚಿರ್ತಾರ. ಹಸಿರಿನ ತುದಿ ಓರೆ ಕೊಯ್ದಿರ್ತದ, ನೀಲಿದು ಸಪಾಟ, ಎರಡೂ ಸರಿಯಾಗಿ ಕೂಡಂಗೇ ಇಲ್ಲ.

ಬ್ಯಾಕಪ್ ತಗೋಳೋದಿದ್ರ ಇನ್ನೊಂದು ಫೈಬರ್ ಅದೇ ಕಂಬದ ಮ್ಯಾಲಿಂದ ಎಳಿಸಬ್ಯಾಡ್ರಿ. ರೋಡ್ ಕೆಲಸದಾಗ ಜೆಸಿಬಿ ಬಂದ್ರ ಎರಡೂ ಒಮ್ಮೆಲೆ ಹೋಗ್ತಾವ. ನಿಮ್ಮೂರಾಗೇ ಒಂದು ಸಿಮ್ ರೂಟರ್ ಇಡ್ರಿ, ಅದು ಬ್ಯಾರೆ ದಾರಿ. ಮನಿ ಪರ್ಸಿ ಕಲ್ಲಿನ ಗ್ವಾಡಿದು ಇದ್ರ ಒಳಗ ಇಡಬ್ಯಾಡ್ರಿ, ಕಿಡಕಿ ಹಂತ್ಯಾಕ ಇಡ್ರಿ.

ಸುರಪುರದಿಂದ:
ಜೇವರ್ಗಿ ಮನ್ಯಾಗ ಇನ್ವರ್ಟರ್ ಅದನೇನ್ರಿ? ಕರೆಂಟ್ ಹೋದಾಗ ಅದು ಬದಲಾಗೋ ಕ್ಷಣಕ್ಕ ಫ್ಯಾನಿಗಿ ಏನೂ ಆಗಲ್ಲ, ರೂಟರ್ ಮತ್ತ ಮೊದಲಿಂದ ಸುರು ಆಗ್ತದ, ಎರಡು ನಿಮಿಷ ಹೋತು. ನನಗ ಹಿಂಗೇ ಆಗಿತ್ತು. ಬ್ಯಾಟರಿ ತಗಡಿನ ಕೆಳಗ ಇಟ್ಟಿದ್ರ ಜಾಗ ಬದಲಿಸ್ರಿ. 10 ಡಿಗ್ರಿ ಬಿಸಿ ಏರಿದ್ರ ಸೀಸದ ಬ್ಯಾಟರಿ ಆಯುಷ್ಯ ಸುಮಾರು ಅರ್ಧ ಆಗ್ತದ, ನಮ್ಮ ಬ್ಯಾಸಗಿ ನಿಮಗ ಗೊತ್ತೇ ಅದ.

ಜೇವರ್ಗಿ ತಾಲೂಕಿನಿಂದ (ಹತ್ತು ದಿನದ ಮ್ಯಾಲ):
ಎಲ್ಲರಿಗೂ ಶರಣ್ರಿ. ಹತ್ತು ದಿನದಾಗ 38 ಸಲ ಬಿದ್ದದ. 23 ಸಲ ಜೇವರ್ಗಿ ರೇಡಿಯೋದ ಅಪ್‌ಟೈಮ್ ಸೊನ್ನಿ ಆಗಿತ್ತು, ಸುರಪುರದವರು ಹೇಳಿದ್ದೇ ಖರೆ. ಮಾಮಾ ಇನ್ವರ್ಟರ್‌ನ ಯುಪಿಎಸ್ ಬಟನ್ (ಕರೆಂಟ್ ಹೋದಾಗ ಲಗೂನ ಬದಲಾಗೋದು) ಒತ್ಯಾರ, ಆಮ್ಯಾಲ ನಿನ್ನಿ ಎರಡು ಸಲ ಕರೆಂಟ್ ಹೋದ್ರೂ ಲಿಂಕ್ ನಿಂತದ. ಫೈಬರ್ ಕಡಿ ಬಿದ್ದದ್ದು ಮೂರೇ ಸಲ, ಪವರ್ −21 ಅದ. ಅವರ ಮ್ಯಾಲ ನಾನು ಸುಮ್ಮನ ಸಿಟ್ಟು ಮಾಡಿದ್ದೆ, ಫೋನ್ ಮಾಡಿ ಹೇಳೀನಿ. ಉಳಿದ 12 ಗಾಳ್ಯಾಗ. ಡಿಶ್ ಕಟ್ಟಿದ ದಿನ ರೇಡಿಯೋ ಸಿಗ್ನಲ್ −58 ಡಿಬಿಎಂ ಇತ್ತು, ಈಗ −67. ಗುಂಡು ಬಿಟ್ಟು ನೋಡಿದ್ವಿ, ಕಂಬ ಹೊಲದ ಕಡಿ ವಾಲ್ಯದ. ರವಿವಾರ ಗೌಂಡಿ ಬರ್ತಾನ.

ಶಹಾಪುರದಿಂದ:
9 ಡೆಸಿಬೆಲ್ ಅಂದ್ರ ಎಂಟನೇ ಒಂದು ಪಾಲು ಶಕ್ತಿ ಉಳದದ ಅಣ್ಣಾ, ಮಳಿಗಿ ಯಾಕ ಬೀಳ್ತಿತ್ತು ಅಂತ ಅದ್ರಾಗೇ ಅದ. ಕಾಂಕ್ರೀಟ್ ಹಾಕಿದ ದಿನಾನೇ ಡಿಶ್ ಹೊಂದಿಸಬ್ಯಾಡ್ರಿ, ಒಂದು ವಾರ ನೀರು ಹಾಕಿ ಗಟ್ಟಿ ಆಗ್ಲಿ. ಹೊಂದಿಸೋ ದಿನ ಫೋನ್ ಮಾಡ್ರಿ, ಜೇವರ್ಗಿ ಕಡಿ ನಾನು ಬಂದು ನಿಲ್ತೀನಿ.